ಭೂಪಟದ ಮೇಲಿನ ಗೆರೆ ಎಳೆದವರಾರು? ಕಾಲೇಜಿನಲ್ಲಿ ವಿಶ್ವ ಪ್ರಾದೇಶಿಕ ಭೂಗೋಳ

ತರಗತಿಯ ಗೋಡೆಗೆ ತೂಗುಹಾಕಿರುವ ಪ್ರಪಂಚದ ಭೂಪಟದ ಮುಂದೆ ಒಂದು ನಿಮಿಷ ನಿಲ್ಲಿ. ಯೂರೋಪ್ ಒಂದು ಬಣ್ಣದಲ್ಲಿದೆ, ಏಷ್ಯ ಇನ್ನೊಂದು ಬಣ್ಣದಲ್ಲಿದೆ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ನಡುವೆ ಸಾಗರವಿರುವಂತೆ ಇವೆರಡರ ನಡುವೆ ಸಾಗರವಿಲ್ಲ. ನೆಲ ಅಖಂಡವಾಗಿ ಹಬ್ಬಿದೆ. ಹಾಗಿದ್ದರೂ ಬಣ್ಣ ಬದಲಾಗುವ ಒಂದು ಗೆರೆ ಇದೆ. ಅದು ಯೂರಲ್ ಪರ್ವತಗಳ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಇಳಿದು ಕ್ಯಾಸ್ಪಿಯನ್ ಸಮುದ್ರದತ್ತ ಸಾಗುತ್ತದೆ. ಅದನ್ನು ಅಲ್ಲಿ ಎಳೆದವರು ಯಾರು? ಏಕೆ?

ಪ್ರಾಚೀನ ಗ್ರೀಕರಿಗೆ ಯೂರಲ್ ಪರ್ವತಗಳ ವಿಚಾರ ಸರಿಯಾಗಿ ತಿಳಿದಿರಲಿಲ್ಲ. ಅವರಲ್ಲಿ ಹಲವರು ಇಂದಿನ ಡಾನ್ ನದಿಯನ್ನೇ ಎರಡು ಖಂಡಗಳ ಗಡಿಯೆಂದು ಹಿಡಿದಿದ್ದರು. ಒಂದೇ ನೆಲಕ್ಕೆ ಮೂರು ಹೆಸರುಗಳೇಕೆ ಎಂದು ಇತಿಹಾಸಕಾರ ಹೆರೊಡೋಟಸ್ ಆಗಲೇ ಗೊಣಗಿದ್ದ. ಹದಿನೆಂಟನೆಯ ಶತಮಾನದಲ್ಲಿ ರಷ್ಯವು ತನ್ನನ್ನು ಯೂರೋಪಿನ ರಾಷ್ಟ್ರವೆಂದು ತೋರಿಸಿಕೊಳ್ಳಲು ಹೊರಟಾಗ ಡಾನ್ ನದಿಯ ಗಡಿ ಅನನುಕೂಲವಾಯಿತು. ಸೈಬೀರಿಯದಲ್ಲಿ ಸೆರೆಯಾಳಾಗಿದ್ದ ಸ್ವೀಡನ್ನಿನ ಸೇನಾಧಿಕಾರಿ ಸ್ಟ್ರಾಲೆನ್‌ಬರ್ಗ್ 1730ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಡಿಯನ್ನು ಯೂರಲ್‌ಗೆ ಸರಿಸಿದ. ಆ ಸಲಹೆ ಕೊಟ್ಟವನು ತಾನೇ ಎಂದು ರಷ್ಯದ ತಾತಿಶ್ಚೆವ್ ಹೇಳಿಕೊಂಡ. ಅಂತೂ ಗೆರೆ ಪೂರ್ವಕ್ಕೆ ಜರುಗಿತು, ಮತ್ತು ಜರುಗಿದ ಜಾಗದಲ್ಲೇ ಉಳಿಯಿತು.

ಹಾಗೆಂದು ಈ ಗೆರೆ ಬರಿಯ ರಾಜಕೀಯ ಕಲ್ಪನೆಯೇ? ಭೂವಿಜ್ಞಾನಿಯನ್ನು ಕೇಳಿ ನೋಡಿ. ಯೂರಲ್ ಪರ್ವತಗಳು ಎರಡು ಪುರಾತನ ಭೂಖಂಡಗಳು ಡಿಕ್ಕಿ ಹೊಡೆದು ಬೆಸೆದುಕೊಂಡ ಜಾಗ ಎಂದು ಆತ ಹೇಳುತ್ತಾನೆ. ಆ ಬೆಸುಗೆಗೆ ಸುಮಾರು 30 ಕೋಟಿ ವರ್ಷಗಳ ಹಿನ್ನೆಲೆಯಿದೆ. ಅಂದಿನಿಂದ ಸವೆದೂ ಸವೆದೂ ಇಂದು ಅಲ್ಲಿನ ಅತ್ಯುನ್ನತ ಶಿಖರ ನರೋದ್ನಯದ ಎತ್ತರ ಸುಮಾರು 1,895 ಮೀಟರ್ ಮಾತ್ರ. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಕೊಂಚ ಎತ್ತರವಾಗಿದೆ! ಭೂವಿಜ್ಞಾನಿಗೆ ಗೆರೆ ನಿಜ, ಆದರೆ ಬಹಳ ಹಳೆಯದು. ಇಂದು ಎರಡೂ ಬದಿ ಒಂದೇ ಭೂಫಲಕದ ಮೇಲಿವೆ. ಇದೇ ಪ್ರಶ್ನೆಯನ್ನು ಸಸ್ಯವಿಜ್ಞಾನಿಗೆ ಹಾಕಿದರೆ ಆತ ತಲೆಯಾಡಿಸಿಬಿಡುತ್ತಾನೆ. ಉತ್ತರದ ಟಂಡ್ರ, ಅದರ ಕೆಳಗಿನ ಸೂಚಿಪರ್ಣಿ ಕಾಡು, ಇನ್ನೂ ಕೆಳಗಿನ ಸ್ಟೆಪಿ ಹುಲ್ಲುಗಾವಲು, ಇವೆಲ್ಲ ಪಶ್ಚಿಮದಿಂದ ಪೂರ್ವಕ್ಕೆ ಪಟ್ಟಿಗಳಂತೆ ಹಾಸಿಕೊಂಡಿವೆ. ಯೂರಲ್‌ನ ಎತ್ತರದ ಇಳಿಜಾರುಗಳಲ್ಲಿ ಅವು ಸ್ವಲ್ಪ ಬಳುಕುತ್ತವೆ, ಆದರೆ ನಿಲ್ಲುವುದಿಲ್ಲ. ಆತನಿಗೆ ಗಡಿಗಳು ಪೂರ್ವ ಪಶ್ಚಿಮವಾಗಿ ಹೋಗುತ್ತವೆಯೇ ಹೊರತು ಉತ್ತರ ದಕ್ಷಿಣವಾಗಿ ಅಲ್ಲ.

ನೆಲ ಒಂದೇ, ಕೇಳಿದ ಪ್ರಶ್ನೆ ಬೇರೆ, ಆದ್ದರಿಂದ ಗೆರೆಯೂ ಬೇರೆ. ವಿಶ್ವ ಪ್ರಾದೇಶಿಕ ಭೂಗೋಳವನ್ನು ಕಲಿಯುವವರು ಮೊದಲು ಹಿಡಿಯಬೇಕಾದ ಎಳೆ ಇದು. ದುರದೃಷ್ಟವೆಂದರೆ ನಮ್ಮ ಪದವಿ ತರಗತಿಗಳಲ್ಲಿ ಈ ವಿಷಯವನ್ನು ಹೆಚ್ಚಾಗಿ ಇದಕ್ಕೆ ತದ್ವಿರುದ್ಧವಾಗಿ ಓದುತ್ತಾರೆ. ಪ್ರದೇಶಗಳು ಮೊದಲೇ ಸಿದ್ಧವಾಗಿ ಕುಳಿತಿವೆ, ಒಂದೊಂದನ್ನೂ ತೆಗೆದುಕೊಂಡು ಸ್ಥಾನ, ವಿಸ್ತೀರ್ಣ, ಮೇಲ್ಮೈ ಲಕ್ಷಣ, ವಾಯುಗುಣ, ಸಸ್ಯವರ್ಗ, ಬೆಳೆ, ಖನಿಜ, ಕೈಗಾರಿಕೆ, ಜನಸಂಖ್ಯೆ ಎಂದು ತಲೆಬರಹ ಹಾಕಿ ತುಂಬಿದರಾಯಿತು ಎಂಬ ಭಾವನೆ ಬೇರೂರಿದೆ. ಹೀಗೆ ಓದಿದ ವಿದ್ಯಾರ್ಥಿಗೆ ಚಿಲಿ ದೇಶದಲ್ಲಿ ತಾಮ್ರ ಸಿಗುತ್ತದೆ ಎಂಬುದು ಗೊತ್ತಿರುತ್ತದೆ. ಚಿಲಿಯ ನಡುಭಾಗಕ್ಕೂ ದಕ್ಷಿಣ ಆಫ್ರಿಕದ ತುದಿಗೂ ಏನು ಸಂಬಂಧ ಎಂದರೆ ಆತ ಸುಮ್ಮನಾಗುತ್ತಾನೆ. ಇದು ವಿದ್ಯಾರ್ಥಿಯ ತಪ್ಪಲ್ಲ.

ಮನೆಯ ಅಂಗಳದಿಂದಲೇ ಆರಂಭ

ಪ್ರದೇಶ ಎಂಬ ಪರಿಕಲ್ಪನೆಯನ್ನು ವಿವರಿಸಲು ದೂರ ಹೋಗಬೇಕಿಲ್ಲ. ಮಲೆನಾಡು, ಬಯಲುಸೀಮೆ, ಕರಾವಳಿ ಎಂದು ನಾವು ದಿನನಿತ್ಯ ಹೇಳುತ್ತೇವೆ. ಮಲೆನಾಡು ಎಲ್ಲಿ ಮುಗಿದು ಬಯಲುಸೀಮೆ ಎಲ್ಲಿ ಶುರುವಾಗುತ್ತದೆ ಎಂದು ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ. ಒಬ್ಬ ಮಳೆಯ ಲೆಕ್ಕ ಹೇಳುತ್ತಾನೆ, ಇನ್ನೊಬ್ಬಳು ಅಡಕೆ ತೋಟ ಮುಗಿಯುವಲ್ಲಿ ಎನ್ನುತ್ತಾಳೆ, ಮತ್ತೊಬ್ಬ ಮನೆಯ ಮಾಡಿನ ಇಳಿಜಾರು ನೋಡಬೇಕು ಎನ್ನಬಹುದು. ಮೂವರದೂ ಸರಿ. ಆದರೆ ಮೂವರ ಗೆರೆಗಳೂ ಒಂದರ ಮೇಲೊಂದು ಕೂರುವುದಿಲ್ಲ.

ಭೂಗೋಳಜ್ಞರು ಪ್ರದೇಶಗಳನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ನೋಡುತ್ತಾರೆ. ಮಳೆಯೋ ಮಣ್ಣೋ ಭಾಷೆಯೋ ಯಾವುದಾದರೊಂದು ಲಕ್ಷಣ ಎಲ್ಲೆಡೆ ಸರಿಸುಮಾರು ಒಂದೇ ಆಗಿದ್ದರೆ ಅದು ಏಕರೂಪ ಪ್ರದೇಶ. ಒಂದು ಕೇಂದ್ರಕ್ಕೆ ಸುತ್ತಲಿನ ಊರುಗಳು ವ್ಯವಹಾರದಿಂದ ಕಟ್ಟಿಕೊಂಡಿದ್ದರೆ ಅದು ಕಾರ್ಯಾತ್ಮಕ ಪ್ರದೇಶ. ಬೆಂಗಳೂರಿಗೆ ಪ್ರತಿದಿನ ತರಕಾರಿ ಕಳಿಸುವ ಹಳ್ಳಿಗಳನ್ನೆಲ್ಲ ಗುರುತಿಸಿದರೆ ಅಂಥದೊಂದು ಪ್ರದೇಶ ಮೂಡುತ್ತದೆ, ಮತ್ತು ಅದು ರಾಜ್ಯದ ಗಡಿಯನ್ನು ಲೆಕ್ಕಿಸದೆ ತಮಿಳುನಾಡು, ಆಂಧ್ರಗಳ ಒಳಕ್ಕೂ ಚಾಚುತ್ತದೆ. ಮೂರನೆಯದು ಜನರ ಮಾತಿನಲ್ಲಿ, ಮನಸ್ಸಿನಲ್ಲಿ ಇರುವ ಪ್ರದೇಶ. ಮಲೆನಾಡು ಮೊದಲು ಈ ಬಗೆಯದು.

ಇದರ ಜೊತೆಗೆ ಆಡಳಿತ ಎಳೆಯುವ ಗೆರೆಯೊಂದಿದೆ. ಅದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಚರ್ಚಿಸುವುದಿಲ್ಲ, ಆದರೆ ವಿದ್ಯಾರ್ಥಿಗಳಿಗೆ ಅದೇ ಹೆಚ್ಚು ತಟ್ಟುತ್ತದೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಪ್ರಕಾರ ಹೈದರಾಬಾದ್ ಕರ್ನಾಟಕಕ್ಕೆ (2019ರಿಂದ ಕಲ್ಯಾಣ ಕರ್ನಾಟಕ) ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ದೊರೆಯಿತು. ಹೆಸರು ಹಳೆಯ ಹೈದರಾಬಾದ್ ಸಂಸ್ಥಾನದ್ದು. ಆದರೆ ಅದರಲ್ಲಿ ಸೇರಿದ ಬಳ್ಳಾರಿ ಜಿಲ್ಲೆಯ ಬಹುಭಾಗ ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿತ್ತು. ಅಂದರೆ ಇಲ್ಲಿ ಪ್ರದೇಶವನ್ನು ನಿರ್ಧರಿಸಿದ್ದು ಇತಿಹಾಸ ಮಾತ್ರವಲ್ಲ. ಹಿಂದುಳಿದಿರುವಿಕೆ, ನೆರೆಹೊರೆ, ಬೇಡಿಕೆ ಎಲ್ಲವೂ ಸೇರಿ ಗೆರೆ ಮೂಡಿತು. ಆ ಗೆರೆಯ ಒಳಗೋ ಹೊರಗೋ ಎಂಬುದರ ಮೇಲೆ ಒಬ್ಬ ಹುಡುಗಿಗೆ ವೈದ್ಯಕೀಯ ಸೀಟು ಸಿಗುವುದೂ ತಪ್ಪುವುದೂ ನಿಂತಿರುತ್ತದೆ. ಪ್ರದೇಶ ಎಂಬುದು ಕೇವಲ ಪಾಠದ ಮಾತಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ಸಿಗಲಾರದು.

ಅಳೆದು ಎಳೆದ ಗೆರೆ

ಇನ್ನು ಪ್ರಪಂಚಕ್ಕೆ ಹೋಗೋಣ. ರಾಜಕೀಯ ಗಡಿಗಳನ್ನು ಬದಿಗಿಟ್ಟು, ನಿಸರ್ಗವನ್ನೇ ಆಧಾರವಾಗಿಟ್ಟುಕೊಂಡು ಇಡೀ ಭೂಮಿಯನ್ನು ಪ್ರದೇಶಗಳಾಗಿ ವಿಂಗಡಿಸುವ ಯೋಜನೆಯನ್ನು 1905ರಲ್ಲಿ ಆಕ್ಸ್‌ಫರ್ಡಿನ ಹರ್ಬರ್ಟ್‌ಸನ್ ಪ್ರಕಟಿಸಿದ. ಆದರೆ ಹೆಚ್ಚು ಕಾಲ ಬಾಳಿದ್ದು, ಇಂದಿಗೂ ಪಠ್ಯಗಳಲ್ಲಿ ನಾವು ಓದುವುದು, ಕೊಪ್ಪೆನ್ ಮಾಡಿದ ವಾಯುಗುಣ ವರ್ಗೀಕರಣ.

ವ್ಲಾದಿಮಿರ್ ಕೊಪ್ಪೆನ್ ಹುಟ್ಟಿದ್ದು 1846ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಬಾಲ್ಯದ ಬಹುಭಾಗ ಕಳೆದದ್ದು ದಕ್ಷಿಣದ ಕ್ರಿಮಿಯದಲ್ಲಿ. ಆ ದೀರ್ಘ ಪ್ರಯಾಣದಲ್ಲಿ ಕಾಡು ಹುಲ್ಲುಗಾವಲಾಗಿ, ಹುಲ್ಲುಗಾವಲು ಮೆಡಿಟರೇನಿಯನ್ ಪೊದೆಗಳಾಗಿ ಬದಲಾಗುವುದು ಕಾಣುತ್ತದೆ. ಸಸ್ಯವಿಜ್ಞಾನ ಓದಿದ್ದ ಕೊಪ್ಪೆನ್‌ಗೆ ಗಿಡಮರಗಳೇ ಹವಾಮಾಪಕಗಳಂತೆ ಕಂಡವು. ಸಸ್ಯವರ್ಗ ಬದಲಾಗುವ ಕಡೆ ಉಷ್ಣತೆ ಎಷ್ಟು, ಮಳೆ ಎಷ್ಟು ಎಂದು ಹುಡುಕಿ ಆ ಅಂಕಿಗಳನ್ನೇ ಗಡಿಯಾಗಿ ಮಾಡಿದ. 1900ರಲ್ಲಿ ಪ್ರಕಟವಾದ ವರ್ಗೀಕರಣವನ್ನು ಸಾಯುವತನಕ ತಿದ್ದುತ್ತಲೇ ಇದ್ದ. (ಖಂಡಗಳ ಅಲೆತದ ಸಿದ್ಧಾಂತ ಮಂಡಿಸಿದ ಆಲ್ಫ್ರೆಡ್ ವೆಗೆನರ್ ಈತನ ಅಳಿಯ. ಭೂಮಿಯ ಗತಕಾಲದ ವಾಯುಗುಣಗಳ ಬಗ್ಗೆ ಮಾವ ಅಳಿಯ ಸೇರಿ 1924ರಲ್ಲಿ ಒಂದು ಗ್ರಂಥ ಬರೆದರು.)

ವರ್ಷದ ಅತಿ ತಂಪಾದ ತಿಂಗಳ ಸರಾಸರಿ ಉಷ್ಣತೆಯೂ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದರೆ ಅದು ಉಷ್ಣವಲಯದ ವಾಯುಗುಣ. ಅತಿ ಬೆಚ್ಚನೆಯ ತಿಂಗಳಲ್ಲೂ 10 ಡಿಗ್ರಿ ದಾಟದಿದ್ದರೆ ಧ್ರುವೀಯ ವಾಯುಗುಣ. ಮರಗಳು ಬೆಳೆಯಬಲ್ಲ ಉತ್ತರದ ಅಂಚು ಈ 10 ಡಿಗ್ರಿಯ ಗೆರೆಗೆ ಸರಿಸುಮಾರು ಹೊಂದುತ್ತದೆ. ಇವು ಸುಲಭ. ಕಷ್ಟದ ಪ್ರಶ್ನೆ ಯಾವುದೆಂದರೆ, ಎಷ್ಟು ಮಳೆ ಬಿದ್ದರೆ ಒಂದು ಜಾಗವನ್ನು ಶುಷ್ಕ ಎನ್ನಬೇಕು?

500 ಮಿಲಿಮೀಟರ್‌ಗಿಂತ ಕಡಿಮೆ ಎಂದು ಎಲ್ಲೆಡೆ ಒಂದೇ ಅಂಕಿ ಇಟ್ಟರೆ ಎಡವುತ್ತೇವೆ. ಏಕೆಂದರೆ ಸಸ್ಯಕ್ಕೆ ದೊರೆಯುವುದು ಬಿದ್ದ ಮಳೆಯಲ್ಲ, ಆವಿಯಾಗಿ ಹೋದ ಮೇಲೆ ಉಳಿದದ್ದು. ಬಿಸಿ ಹೆಚ್ಚಿದಷ್ಟೂ ಆವಿಯಾಗುವುದು ಹೆಚ್ಚು. ಹಾಗೆಯೇ ಬೇಸಗೆಯಲ್ಲಿ ಬಿದ್ದ ಮಳೆಗಿಂತ ಚಳಿಗಾಲದಲ್ಲಿ ಬಿದ್ದ ಮಳೆ ಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಈ ಎರಡನ್ನೂ ಸೇರಿಸಿ ಒಂದು ಸರಳ ಸೂತ್ರ ರೂಪುಗೊಂಡಿದೆ. ಈಗ ಬಳಕೆಯಲ್ಲಿರುವ ಅದರ ರೂಪ ಹೀಗಿದೆ: ವಾರ್ಷಿಕ ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಿ. ವರ್ಷದ ಮಳೆಯಲ್ಲಿ ನೂರಕ್ಕೆ 70ರಷ್ಟೋ ಅದಕ್ಕಿಂತ ಹೆಚ್ಚೋ ಬೇಸಗೆಯ ಆರು ತಿಂಗಳಲ್ಲಿ ಬಿದ್ದರೆ 280 ಕೂಡಿಸಿ. ಅಷ್ಟೇ ಪಾಲು ಚಳಿಗಾಲದ ಆರು ತಿಂಗಳಲ್ಲಿ ಬಿದ್ದರೆ ಏನೂ ಕೂಡಿಸಬೇಡಿ. ಎರಡೂ ಅಲ್ಲವಾದರೆ 140 ಕೂಡಿಸಿ. ಬಂದ ಸಂಖ್ಯೆ ಮಿಲಿಮೀಟರ್‌ಗಳಲ್ಲಿ ಶುಷ್ಕತೆಯ ಮಿತಿ. ಮಳೆ ಅದಕ್ಕಿಂತ ಕಡಿಮೆಯಾದರೆ ಅರೆಶುಷ್ಕ, ಅದರ ಅರ್ಧಕ್ಕಿಂತಲೂ ಕಡಿಮೆಯಾದರೆ ಮರುಭೂಮಿ. ಉತ್ತರಾರ್ಧಗೋಳದಲ್ಲಿ ಬೇಸಗೆಯ ಆರು ತಿಂಗಳೆಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಎಂಬುದು ನೆನಪಿರಲಿ. ನಮ್ಮ ಮುಂಗಾರು ಇದರೊಳಗೇ ಬರುತ್ತದೆ.

ಲೆಕ್ಕ ಮಾಡಿ ನೋಡೋಣ. ಬಳ್ಳಾರಿಯ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 28 ಡಿಗ್ರಿ, ಮಳೆ ಸುಮಾರು 500 ಮಿಮೀ. 28ನ್ನು 20ರಿಂದ ಗುಣಿಸಿದರೆ 560. ಅಕ್ಟೋಬರ್ ಮಳೆಯೂ ಗಣನೀಯವಾಗಿರುವುದರಿಂದ ಬೇಸಗೆಯ ಪಾಲು 70ರ ಆಸುಪಾಸಿನಲ್ಲಿ ತೂಗಾಡುತ್ತದೆ. 140 ಕೂಡಿಸಿದರೆ ಮಿತಿ 700, 280 ಕೂಡಿಸಿದರೆ 840. ಅವುಗಳ ಅರ್ಧ 350 ಮತ್ತು 420. ಯಾವುದನ್ನು ಹಿಡಿದರೂ 500 ನಡುವೆಯೇ ಬೀಳುತ್ತದೆ. ಬಳ್ಳಾರಿ ಅರೆಶುಷ್ಕ. ಈಗ ಲಂಡನ್. ಅಲ್ಲಿನ ಮಳೆ ಸುಮಾರು 600 ಮಿಮೀ, ಬಳ್ಳಾರಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಸರಾಸರಿ ಉಷ್ಣತೆ ಸುಮಾರು 11 ಡಿಗ್ರಿ, ಮಳೆ ವರ್ಷವಿಡೀ ಹಂಚಿಕೊಂಡಿದೆ. ಮಿತಿ 360 ಮಾತ್ರ. ಲಂಡನ್ ಆರ್ದ್ರ ಪ್ರದೇಶ. ಲಂಡನ್ನಿನ ಅದೇ 600 ಮಿಮೀ ಮಳೆ ಬಳ್ಳಾರಿಯಲ್ಲಿ ಬಿದ್ದಿದ್ದರೂ ಬಳ್ಳಾರಿ ಅರೆಶುಷ್ಕವಾಗಿಯೇ ಉಳಿಯುತ್ತಿತ್ತು. ಬೆಂಗಳೂರಿಗೆ ಸುಮಾರು 24 ಡಿಗ್ರಿ ಹಿಡಿದು ದೊಡ್ಡ ಸಂಖ್ಯೆಯನ್ನೇ ಕೂಡಿಸಿದರೂ ಮಿತಿ 760. ಮಳೆ ಸುಮಾರು 970. ಶುಷ್ಕ ಪಟ್ಟಿಯಿಂದ ಅದು ಹೊರಗೆ ನಿಲ್ಲುತ್ತದೆ. ನಿಮ್ಮೂರಿನ ಲೆಕ್ಕವನ್ನು ನೀವೇ ಮಾಡಿ. ಭಾರತ ಹವಾಮಾನ ಇಲಾಖೆ ಪ್ರಕಟಿಸುವ ದೀರ್ಘಾವಧಿ ಸರಾಸರಿಗಳು ಸಾಕು.

ಇಷ್ಟು ಲೆಕ್ಕವಿದ್ದರೂ ಗೆರೆ ಕಲ್ಲಿನ ಮೇಲೆ ಕೊರೆದದ್ದೇನೂ ಅಲ್ಲ. ಸಮಶೀತೋಷ್ಣ ಮತ್ತು ಶೀತ ವಾಯುಗುಣಗಳ ನಡುವಣ ಗಡಿಗೆ ಅತಿ ತಂಪಾದ ತಿಂಗಳ ಸರಾಸರಿ ಮೈನಸ್ 3 ಡಿಗ್ರಿ ಎಂಬ ಅಂಕಿಯನ್ನು ಕೊಪ್ಪೆನ್ ಇಟ್ಟ. ಅಮೆರಿಕದ ಹಲವು ಭೂಗೋಳಜ್ಞರು ಅದನ್ನು 0 ಡಿಗ್ರಿಗೆ ಬದಲಿಸಿದರು. ಮೂರೇ ಡಿಗ್ರಿ! ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ನಡುಭಾಗದಲ್ಲಿ ಆ ಗೆರೆ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಎರಡು ಪಠ್ಯಪುಸ್ತಕಗಳಲ್ಲಿ ಒಂದೇ ನಗರ ಎರಡು ಬೇರೆ ವಾಯುಗುಣಗಳಲ್ಲಿ ಕಾಣಿಸಿಕೊಂಡರೆ ಅಚ್ಚಿನ ತಪ್ಪೆಂದು ತಿಳಿಯಬೇಡಿ. ಯಾವ ಅಂಕಿಯನ್ನು ಬಳಸಿದ್ದಾರೆ ಎಂದು ನೋಡಿ.

ಐದು ಮೂಲೆಗಳಲ್ಲಿ ಒಂದೇ ವಾಯುಗುಣ

ಪ್ರದೇಶಗಳನ್ನು ಹೀಗೆ ಅಳೆದು ಗುರುತಿಸುವುದರಿಂದ ಆಗುವ ಲಾಭವೇನು? ಬಹಳ ದೂರದ ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಗುತ್ತದೆ. ಪ್ರಯೋಗಾಲಯದಲ್ಲಿ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿ ನೋಡುವ ಅವಕಾಶ ಭೂಗೋಳಜ್ಞನಿಗಿಲ್ಲ. ಹೋಲಿಕೆಯೇ ಆತನ ಪ್ರಯೋಗ.

ಮೆಡಿಟರೇನಿಯನ್ ವಾಯುಗುಣ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಬೇಸಗೆ ಒಣ, ಚಳಿಗಾಲದಲ್ಲಿ ಮಳೆ, ಅಂದರೆ ನಮ್ಮ ಮುಂಗಾರಿಗೆ ನೇರ ವಿರುದ್ಧ. ಭೂಮಿಯ ನೆಲದಲ್ಲಿ ನೂರಕ್ಕೆ ಸುಮಾರು ಎರಡರಷ್ಟು ಭಾಗದಲ್ಲಿ ಮಾತ್ರ ಇದೆ. ಮೆಡಿಟರೇನಿಯನ್ ಸಮುದ್ರದ ಸುತ್ತ, ಕ್ಯಾಲಿಫೋರ್ನಿಯದಲ್ಲಿ, ಚಿಲಿಯ ನಡುಭಾಗದಲ್ಲಿ, ದಕ್ಷಿಣ ಆಫ್ರಿಕದ ಕೇಪ್ ಭಾಗದಲ್ಲಿ, ಆಸ್ಟ್ರೇಲಿಯದ ನೈಋತ್ಯ ಮತ್ತು ದಕ್ಷಿಣ ಅಂಚಿನಲ್ಲಿ. ಭೂಪಟದಲ್ಲಿ ಗುರುತಿಸಿದರೆ ಹೆಚ್ಚಿನವು ಭೂಖಂಡಗಳ ಪಶ್ಚಿಮ ಅಂಚಿನಲ್ಲಿ, ಹೆಚ್ಚುಕಡಿಮೆ 30ರಿಂದ 40 ಡಿಗ್ರಿ ಅಕ್ಷಾಂಶಗಳ ನಡುವೆ ಇರುವುದು ಕಾಣುತ್ತದೆ. ಇದು ಆಕಸ್ಮಿಕವಲ್ಲ. ಉಪೋಷ್ಣವಲಯದ ಅಧಿಕ ಒತ್ತಡದ ಪಟ್ಟಿ ಬೇಸಗೆಯಲ್ಲಿ ಧ್ರುವದ ಕಡೆಗೆ ಸರಿದು ಈ ಜಾಗಗಳ ಮೇಲೆ ಕೂರುತ್ತದೆ. ಅಲ್ಲಿ ಗಾಳಿ ಕೆಳಗಿಳಿಯುತ್ತದೆ, ಮೋಡ ಕಟ್ಟುವುದಿಲ್ಲ. ಚಳಿಗಾಲದಲ್ಲಿ ಪಟ್ಟಿ ಸಮಭಾಜಕ ವೃತ್ತದತ್ತ ಹಿಂದೆ ಸರಿಯುತ್ತದೆ. ಆಗ ಪಶ್ಚಿಮ ಮಾರುತಗಳು ಸಾಗರದಿಂದ ಮಳೆ ತರುತ್ತವೆ.

ಕರಾವಳಿಯ ಪಕ್ಕ ಹರಿಯುವ ತಣ್ಣನೆಯ ಸಾಗರ ಪ್ರವಾಹಗಳೂ ಬೇಸಗೆಯ ಒಣತನಕ್ಕೆ ನೆರವಾಗುತ್ತವೆ. ಕ್ಯಾಲಿಫೋರ್ನಿಯದಲ್ಲಿ ಕ್ಯಾಲಿಫೋರ್ನಿಯ ಪ್ರವಾಹ, ಚಿಲಿಯಲ್ಲಿ ಹಂಬೋಲ್ಟ್, ಕೇಪ್‌ನಲ್ಲಿ ಬೆಂಗ್ವೆಲ ಎಂದು ವಿದ್ಯಾರ್ಥಿಗಳು ಬರೆದು, ಅದೇ ಓಘದಲ್ಲಿ ಪಶ್ಚಿಮ ಆಸ್ಟ್ರೇಲಿಯಕ್ಕೂ ಒಂದು ತಣ್ಣನೆಯ ಪ್ರವಾಹವನ್ನು ಬರೆದುಬಿಡುತ್ತಾರೆ. ಅಲ್ಲಿ ಕರಾವಳಿಗೆ ಅಂಟಿಕೊಂಡು ಹರಿಯುವ ಲ್ಯೂವಿನ್ ಪ್ರವಾಹ ಬೆಚ್ಚನೆಯದು, ಉತ್ತರದಿಂದ ದಕ್ಷಿಣಕ್ಕೆ ಹರಿಯುವಂಥದು. ಆದರೂ ಪರ್ತ್ ನಗರದ ಬೇಸಗೆ ಒಣಗಿರುತ್ತದೆ. ತಣ್ಣನೆಯ ಪ್ರವಾಹ ಸಹಾಯಕ, ಮೂಲ ಕಾರಣ ಮೇಲಿನ ಗಾಳಿಯ ಇಳಿತ ಎಂದು ಇದರಿಂದ ತಿಳಿಯುತ್ತದೆ. ನಾಲ್ಕು ಉದಾಹರಣೆಗಳು ಹೇಳಿಕೊಡದಿದ್ದುದನ್ನು ಐದನೆಯದು ಹೇಳಿಕೊಟ್ಟಿತು.

ಸಸ್ಯಗಳಲ್ಲೂ ಬೆರಗಿನ ಸಾಮ್ಯವಿದೆ. ಐದೂ ಕಡೆ ಗಡುಸಾದ ಸಣ್ಣ ಎಲೆಯ ಪೊದೆಗಳು. ಆದರೆ ಅವು ಬೇರೆ ಬೇರೆ ಕುಟುಂಬಗಳವು. ಬಂಧುಗಳಲ್ಲದವು ಒಂದೇ ಒತ್ತಡಕ್ಕೆ ಸಿಕ್ಕಿ ಒಂದೇ ರೂಪ ತಳೆದಿವೆ. ಜೀವವಿಜ್ಞಾನದ ಅಧ್ಯಾಪಕರು ಇದನ್ನು ಅಭಿಸರಣ ವಿಕಾಸ ಎಂದು ಕಲಿಸುತ್ತಾರೆ. ಭೂಗೋಳದ ತರಗತಿಗೂ ಅವರನ್ನು ಒಂದು ದಿನ ಕರೆಯಬಹುದು.

ಈಗ ಮನುಷ್ಯರತ್ತ ನೋಡೋಣ. ಒಂದೇ ವಾಯುಗುಣವಾದರೆ ಬದುಕೂ ಒಂದೇ ಆಗಬೇಕಲ್ಲವೇ? ಹಾಗೆ ವಾದಿಸಿದವರಿದ್ದರು. ಅಮೆರಿಕದ ಎಲ್ಸ್‌ವರ್ತ್ ಹಂಟಿಂಗ್‌ಟನ್ 1915ರ ತನ್ನ ಪುಸ್ತಕದಲ್ಲಿ ನಾಗರಿಕತೆಯ ಏಳುಬೀಳುಗಳನ್ನು ವಾಯುಗುಣಕ್ಕೆ ಕಟ್ಟಿಹಾಕಿದ. ಉಷ್ಣವಲಯದ ಜನರಲ್ಲಿ ಚೈತನ್ಯ ಕಡಿಮೆ ಎಂಬ ಧೋರಣೆ ಅದರಲ್ಲಿ ಬೆರೆತಿತ್ತು. ವಸಾಹತುಗಳನ್ನು ಆಳುತ್ತಿದ್ದವರಿಗೆ ಇದು ಹಿತವಾಗಿಯೇ ಕೇಳಿಸಿರಬೇಕು. ಫ್ರಾನ್ಸಿನ ವಿದಾಲ್ ದ ಲ ಬ್ಲಾಶ್ ಅದಕ್ಕೂ ಮೊದಲೇ ಬೇರೆ ದಾರಿ ತೋರಿಸಿದ್ದ. ನಿಸರ್ಗ ಸಾಧ್ಯತೆಗಳನ್ನು ಒಡ್ಡುತ್ತದೆ, ಆಯ್ಕೆ ಜನರದು ಎಂಬುದು ಆ ಪಂಥದ ನಿಲುವು.

ಇತ್ತೀಚಿನ ಬರಗಾಲಗಳು ಈ ವಾದವನ್ನು ನಮ್ಮ ಕಣ್ಣೆದುರೇ ಪರೀಕ್ಷೆಗೊಡ್ಡಿವೆ. 1970ರ ದಶಕದಿಂದ ಪರ್ತ್ ಸುತ್ತಲಿನ ಚಳಿಗಾಲದ ಮಳೆ ಇಳಿಯುತ್ತ ಬಂತು, ಅಣೆಕಟ್ಟುಗಳಿಗೆ ಹರಿದುಬರುವ ನೀರು ಅದಕ್ಕಿಂತಲೂ ಬಹಳ ಹೆಚ್ಚಾಗಿ ಇಳಿಯಿತು. ಚಿಲಿಯ ನಡುಭಾಗದಲ್ಲಿ 2010ರಿಂದ ಒಂದು ದಶಕಕ್ಕೂ ಮೀರಿ ಬರ ಮುಂದುವರಿಯಿತು. ಕ್ಯಾಲಿಫೋರ್ನಿಯ 2012ರಿಂದ 2016ರವರೆಗೆ, ಕೇಪ್ ಟೌನ್ 2015ರಿಂದ 2018ರವರೆಗೆ ಒಣಗಿದವು. ಭೂಮಿ ಬೆಚ್ಚಗಾದಂತೆ ಅಧಿಕ ಒತ್ತಡದ ಪಟ್ಟಿ ಧ್ರುವದತ್ತ ಹಿಗ್ಗುತ್ತಿರುವುದಕ್ಕೂ ಇದಕ್ಕೂ ಸಂಬಂಧವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಕಾರಣ ಒಂದೇ ಬಗೆಯದು. ಪ್ರತಿಕ್ರಿಯೆಗಳು? ಪರ್ತ್ 2006ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ದೊಡ್ಡ ಘಟಕ ತೆರೆಯಿತು. ಕ್ಯಾಲಿಫೋರ್ನಿಯ 2014ರಲ್ಲಿ ಅಂತರ್ಜಲವನ್ನು ನಿಯಂತ್ರಿಸುವ ಕಾಯಿದೆ ತಂದಿತು, 2015ರಲ್ಲಿ ನಗರಗಳ ನೀರಿನ ಬಳಕೆಯಲ್ಲಿ ನಾಲ್ಕನೇ ಒಂದು ಭಾಗ ಕಡಿತಕ್ಕೆ ಆಜ್ಞೆ ಮಾಡಿತು. ಕೇಪ್ ಟೌನ್‌ನಲ್ಲಿ 2018ರ ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಬಂತು. ನಲ್ಲಿಗಳನ್ನೇ ಮುಚ್ಚುವ ‘ಶೂನ್ಯ ದಿನ’ವನ್ನು ಜನ ನೀರು ಉಳಿಸಿ ಮುಂದೂಡಿದರು, ಆ ಚಳಿಗಾಲದ ಮಳೆ ಉಳಿದದ್ದನ್ನು ಮಾಡಿತು. ಕೊಡ ಹಿಡಿದು ಸಾರ್ವಜನಿಕ ನಲ್ಲಿಯ ಮುಂದೆ ಸಾಲುಗಟ್ಟುವುದು ಅಲ್ಲಿನ ಬಡ ಬಡಾವಣೆಗಳಿಗೆ ಹೊಸದೇನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಚಿಲಿಯಲ್ಲಿ 1981ರ ಕಾನೂನು ನೀರಿನ ಹಕ್ಕನ್ನು ಖಾಸಗಿಯವರು ಕೊಳ್ಳಬಹುದಾದ, ಮಾರಬಹುದಾದ ಸ್ವತ್ತಾಗಿ ಮಾಡಿತ್ತು. ಬರದಲ್ಲಿ ತೋಟಗಳಿಗೆ ನೀರಿದ್ದು ಪಕ್ಕದ ಹಳ್ಳಿಗಳಿಗೆ ಟ್ಯಾಂಕರ್ ಬರುವ ಪರಿಸ್ಥಿತಿಯ ಬಗ್ಗೆ ದೊಡ್ಡ ಚರ್ಚೆ ನಡೆದು 2022ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮಳೆ ಏಕೆ ತಪ್ಪಿತು ಎಂಬುದನ್ನು ವಾಯುಗುಣದ ಭೂಪಟ ಹೇಳುತ್ತದೆ. ಯಾರ ಕೊಡ ಖಾಲಿಯಾಯಿತು ಎಂಬುದನ್ನು ಹೇಳುವುದಿಲ್ಲ.

ಸಹೇಲ್: ತಪ್ಪು ಜಾಗದಲ್ಲಿ ಹುಡುಕಿದ ಕಾರಣ

ಪ್ರದೇಶಕ್ಕೊಂದು ಗೆರೆ ಎಳೆದ ಮೇಲೆ ಇನ್ನೊಂದು ಅಪಾಯ ಎದುರಾಗುತ್ತದೆ. ಗೆರೆಯ ಒಳಗೆ ನಡೆಯುವುದಕ್ಕೆಲ್ಲ ಒಳಗೇ ಕಾರಣ ಹುಡುಕುವ ಅಭ್ಯಾಸ. ಇದರ ಬೆಲೆ ತೆತ್ತ ಪ್ರದೇಶ ಆಫ್ರಿಕದ ಸಹೇಲ್.

ಅರಬ್ಬಿ ಭಾಷೆಯಲ್ಲಿ ಸಹೇಲ್ ಎಂದರೆ ತೀರ. ಸಹರ ಎಂಬ ಮರಳ ಸಾಗರದ ದಕ್ಷಿಣ ದಡ. ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಸುಡಾನ್‌ವರೆಗೆ, ಬಹುಮಟ್ಟಿಗೆ 12ರಿಂದ 18 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಹಾಸಿದ ಪಟ್ಟಿ. ಕರ್ನಾಟಕ ಇರುವುದೂ ಇವೇ ಅಕ್ಷಾಂಶಗಳಲ್ಲಿ! ಮಳೆ ಬರುವುದೂ ನಮ್ಮಂತೆ ಬೇಸಗೆಯ ಮಾನ್ಸೂನ್‌ನಿಂದಲೇ. ಅಲ್ಲಿನ ಜನ ಸಜ್ಜೆ, ಜೋಳ ಬೆಳೆಯುತ್ತಾರೆ, ದನ ಕುರಿ ಮೇಕೆಗಳನ್ನು ಮಳೆಯ ಹಿಂದೆ ಅಟ್ಟಿಕೊಂಡು ಉತ್ತರ ದಕ್ಷಿಣವಾಗಿ ಅಲೆಯುತ್ತಾರೆ.

1960ರ ದಶಕದ ಕೊನೆಯಿಂದ ಅಲ್ಲಿ ಮಳೆ ಕೈಕೊಟ್ಟಿತು. 1972-73 ಮತ್ತು 1983-84ರ ಬರಗಳು ಭೀಕರವಾದವು. ಜನ ಸತ್ತರು, ಅದಕ್ಕಿಂತ ಎಷ್ಟೋ ಪಟ್ಟು ಜಾನುವಾರುಗಳು ಸತ್ತವು. ಕಾರಣವೇನು? 1975ರಲ್ಲಿ ಹವಾಮಾನ ವಿಜ್ಞಾನಿ ಜೂಲ್ ಚಾರ್ನಿ ಒಂದು ಊಹೆ ಮಂಡಿಸಿದ. ಅತಿಯಾಗಿ ಮೇಯಿಸುವುದರಿಂದ ನೆಲ ಬೋಳಾಗುತ್ತದೆ. ಬೋಳು ನೆಲ ಬಿಸಿಲನ್ನು ಹೆಚ್ಚು ಪ್ರತಿಫಲಿಸುತ್ತದೆ. ಆಗ ಅಲ್ಲಿನ ವಾಯುಮಂಡಲ ತನಗೆ ಬೇಕಾದಷ್ಟು ಶಾಖ ಪಡೆಯದೆ ತಂಪಾಗುತ್ತದೆ, ಗಾಳಿ ಮೇಲೇರುವ ಬದಲು ಕೆಳಗಿಳಿಯುತ್ತದೆ, ಮಳೆ ಇನ್ನಷ್ಟು ಕಡಿಮೆಯಾಗುತ್ತದೆ. ಭೌತವಿಜ್ಞಾನದ ದೃಷ್ಟಿಯಿಂದ ಅಚ್ಚುಕಟ್ಟಾದ ಊಹೆ. ಚಾರ್ನಿ ಅದನ್ನು ವಿಜ್ಞಾನಿಯ ಎಚ್ಚರದಿಂದಲೇ ಮುಂದಿಟ್ಟಿದ್ದ. ಆದರೆ ಅದು ಆಗಲೇ ಪ್ರಚಲಿತವಾಗಿದ್ದ ಒಂದು ಮಾತಿಗೆ ಬೆಂಬಲವಾಗಿ ಒದಗಿತು: ದನಗಾಹಿಗಳೇ ತಮ್ಮ ಬರವನ್ನು ತಾವೇ ತಂದುಕೊಂಡರು. ಪಠ್ಯಪುಸ್ತಕಗಳೂ ಹಾಗೆಯೇ ಬರೆದವು. ನಮ್ಮಲ್ಲಿ ಕೆಲವು ನೋಟ್ಸುಗಳು ಈಗಲೂ ಅದನ್ನೇ ನಕಲು ಮಾಡುತ್ತಿವೆ.

1986ರಲ್ಲಿ ಬ್ರಿಟನ್ನಿನ ಫೋಲಂಡ್ ಮತ್ತು ಸಂಗಡಿಗರು ಸಹೇಲ್‌ನ ಮಳೆಯನ್ನು ಪ್ರಪಂಚದ ಸಾಗರಗಳ ಮೇಲ್ಮೈ ಉಷ್ಣತೆಯೊಂದಿಗೆ ತಾಳೆ ನೋಡಿದರು. ಎರಡಕ್ಕೂ ಸ್ಪಷ್ಟ ನಂಟು ಕಂಡಿತು. 2003ರಲ್ಲಿ ಅಲೆಸ್ಸಾಂಡ್ರ ಜಿಯಾನ್ನಿನಿ ಮತ್ತು ಸಂಗಡಿಗರು ಗಣಕಯಂತ್ರದ ವಾಯುಗುಣ ಮಾದರಿಗೆ ಸಾಗರಗಳ ಉಷ್ಣತೆಯ ದಾಖಲೆಯನ್ನು ಮಾತ್ರ ಊಡಿಸಿದರು. ನೆಲದ ಬಳಕೆಯಲ್ಲಿ ಆದ ಬದಲಾವಣೆಯನ್ನು ಸೇರಿಸಲಿಲ್ಲ. ಆದರೂ ಸಹೇಲ್ ಮಳೆಯ ಏರಿಳಿತದ ಮುಖ್ಯ ರೇಖೆ ಮಾದರಿಯಲ್ಲಿ ಮೂಡಿಬಂತು. ಹಿಂದೂ ಸಾಗರ ಬೆಚ್ಚಗಾದದ್ದು, ಅಟ್ಲಾಂಟಿಕ್‌ನ ಉತ್ತರ ಭಾಗ ದಕ್ಷಿಣ ಭಾಗಕ್ಕಿಂತ ತಂಪಾಗಿದ್ದುದು ಮಳೆಯ ಪಟ್ಟಿಯನ್ನು ಕೆಳಕ್ಕೆ ತಳ್ಳಿತ್ತು. ಉತ್ತರ ಅಟ್ಲಾಂಟಿಕ್ ತಂಪಾಗಲು ಯೂರೋಪ್ ಮತ್ತು ಉತ್ತರ ಅಮೆರಿಕದ ಕಾರ್ಖಾನೆಗಳು ಆ ಕಾಲದಲ್ಲಿ ಉಗುಳಿದ ಸಲ್ಫೇಟ್ ಕಣಗಳೂ ಒಂದು ಕಾರಣವೆಂದು ಹಲವು ಅಧ್ಯಯನಗಳು ತೋರಿಸಿವೆ. ಸಸ್ಯ ಕಡಿಮೆಯಾದದ್ದು ಬರವನ್ನು ಇನ್ನಷ್ಟು ಬಿಗಿಗೊಳಿಸಿತು ಎಂಬ ಚಾರ್ನಿಯ ಮಾತಿಗೆ ಈಗಲೂ ಜಾಗವಿದೆ. ಆದರೆ ಬರವನ್ನು ಆರಂಭಿಸಿದ್ದು ಮೇಕೆಗಳಲ್ಲ. ಮೇಕೆ ಕಾಯುವವನ ಮೇಲೆ ಹೊರಿಸಿದ್ದ ಅಪರಾಧದ ಒಂದು ಪಾಲು ಸಾವಿರಾರು ಕಿಲೋಮೀಟರ್ ಆಚೆಯ ಚಿಮಣಿಗಳಲ್ಲಿತ್ತು.

1980ರ ದಶಕದ ಮಧ್ಯದಿಂದ ನೈಜರ್ ದೇಶದ ದಕ್ಷಿಣ ಭಾಗದ ರೈತರು ಹೊಲದಲ್ಲಿ ತಾನಾಗಿ ಚಿಗುರುವ ಮರದ ಬುಡಗಳನ್ನು ಕಡಿಯದೆ ಸವರಿ ಬೆಳೆಸತೊಡಗಿದರು. ಲಕ್ಷಾಂತರ ಹೆಕ್ಟೇರ್‌ಗಳಲ್ಲಿ ಮರಗಳು ಮರಳಿದವು. ಮರುಭೂಮಿ ಮಾಡುವವರೆಂದು ಹೆಸರು ಪಡೆದಿದ್ದ ಜನರೇ ಈ ಕೆಲಸ ಮಾಡಿದರು.

ತರಗತಿಗೆ ಒಂದು ಜೋಡಿ

ಇದನ್ನೆಲ್ಲ ಪಾಠ ಮಾಡಲು ವೇಳೆ ಎಲ್ಲಿದೆ ಎಂದು ಅಧ್ಯಾಪಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಠ್ಯಕ್ರಮ ಪೂರ್ತಿ ಮುಗಿಸಲೇಬೇಕು, ದೇಶಗಳ ಹೆಸರು, ನದಿ, ರಾಜಧಾನಿಗಳನ್ನು ನೆನಪಿಟ್ಟುಕೊಳ್ಳುವುದನ್ನೂ ಬಿಡುವಂತಿಲ್ಲ. ಅವು ಈ ವಿಷಯದ ಮಗ್ಗಿ. ಆದರೆ ಪ್ರತಿ ಪ್ರದೇಶಕ್ಕೂ ಒಂದೇ ಒಂದು ಗಂಟೆ ತೆಗೆದಿಟ್ಟು ಒಂದು ಜೋಡಿಯನ್ನು ಕೊಟ್ಟು ನೋಡಿ.

ಉದಾಹರಣೆಗೆ ಹಲಗೆಯ ಮೇಲೆ ಎರಡು ಊರುಗಳ ವಿವರ ಬರೆಯಿರಿ, ಹೆಸರು ಬರೆಯಬೇಡಿ. ಎರಡೂ ಸಾಗರ ತೀರದಲ್ಲಿವೆ, ಎರಡೂ ನೆಲದ ಪಶ್ಚಿಮ ಅಂಚಿನಲ್ಲಿವೆ, ಎರಡೂ ಸಮಭಾಜಕ ವೃತ್ತದಿಂದ ಸುಮಾರು 12, 13 ಡಿಗ್ರಿ ದೂರದಲ್ಲಿವೆ. ಎರಡರ ಬೆನ್ನ ಹಿಂದೆಯೂ ಬೆಟ್ಟಸಾಲು ಇದೆ. ಒಂದರಲ್ಲಿ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 27 ಡಿಗ್ರಿ, ಮಳೆ 3,500 ಮಿಮೀಗೂ ಹೆಚ್ಚು. ಇನ್ನೊಂದರಲ್ಲಿ ಉಷ್ಣತೆ ಸುಮಾರು 19 ಡಿಗ್ರಿ, ವರ್ಷವಿಡೀ ಬಿದ್ದ ಮಳೆ 20 ಮಿಮೀ ಕೂಡ ಇಲ್ಲ. ಆದರೂ ಆ ಎರಡನೆಯ ಊರಿನ ಆಕಾಶ ತಿಂಗಳುಗಟ್ಟಲೆ ಮೋಡ ಮುಸುಕಿರುತ್ತದೆ, ಗಾಳಿ ತೇವದಿಂದ ಕೂಡಿರುತ್ತದೆ.

ಮೊದಲನೆಯದನ್ನು ಯಾರಾದರೂ ಬೇಗ ಹೇಳುತ್ತಾರೆ, ಅದು ಮಂಗಳೂರು. ಎರಡನೆಯದು ಪೆರುವಿನ ರಾಜಧಾನಿ ಲಿಮ. ಈಗ ಏಕೆ ಎಂದು ಕೇಳಿ. ವಿದ್ಯಾರ್ಥಿಗಳು ಮೊದಲು ಬೆಟ್ಟಗಳನ್ನು ಹಿಡಿಯುತ್ತಾರೆ, ಆಂಡಿಸ್ ಪಶ್ಚಿಮ ಘಟ್ಟಕ್ಕಿಂತ ಎಷ್ಟೋ ಎತ್ತರ, ಹಾಗಿದ್ದ ಮೇಲೆ ಲಿಮದಲ್ಲಿ ಇನ್ನೂ ಹೆಚ್ಚು ಮಳೆಯಾಗಬೇಕಲ್ಲ ಎಂದು ಗೊಂದಲಕ್ಕೆ ಬೀಳುತ್ತಾರೆ. ಸ್ವಲ್ಪ ಹೊತ್ತು ಗೊಂದಲದಲ್ಲೇ ಇರಲಿ. ಆಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಲು ಹೇಳಿ. ಮಂಗಳೂರಿಗೆ ಮುಂಗಾರು ಬೆಚ್ಚನೆಯ ಅರಬ್ಬೀ ಸಮುದ್ರದ ಮೇಲಿಂದ ಬಂದು ಘಟ್ಟಕ್ಕೆ ಢಿಕ್ಕಿ ಹೊಡೆಯುತ್ತದೆ. ಲಿಮದ ಮಟ್ಟಿಗೆ ಪೂರ್ವದ ಅಮೆಜಾನ್ ಕಡೆಯಿಂದ ಬರುವ ತೇವವನ್ನು ಆಂಡಿಸ್ ತಡೆದುಬಿಡುತ್ತದೆ. ಪಶ್ಚಿಮದಲ್ಲಿ ಹಂಬೋಲ್ಟ್ ಪ್ರವಾಹದ ತಣ್ಣನೆಯ ನೀರಿದೆ. ಅದರ ಮೇಲಿನ ಗಾಳಿ ಕೆಳಗೆ ತಂಪಾಗಿ, ಮೇಲೆ ಬೆಚ್ಚಗೆ ಇರುತ್ತದೆ. ಹೀಗೆ ತಲೆಕೆಳಗಾದ ಗಾಳಿ ಮೇಲೇರಲಾರದು. ಮೋಡ ತೆಳ್ಳಗೆ ಹರಡಿ ಮಂಜಿನಂಥ ಹನಿ ಉದುರಿಸುತ್ತದೆ, ಮಳೆಯಾಗುವುದಿಲ್ಲ.

ಇಷ್ಟಕ್ಕೇ ತರಗತಿ ಮುಗಿಯಲಾರದು. ಆ ತಣ್ಣನೆಯ ನೀರೇ ಬೆಚ್ಚಗಾಗುವ ವರ್ಷಗಳಿವೆ. ಆಗ ಏನಾಗುತ್ತದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವು ಎಲ್ ನಿನೊ ವರ್ಷಗಳು. 1982-83 ಮತ್ತು 1997-98ರಲ್ಲಿ ಪೆರುವಿನ ಉತ್ತರದ ಮರುಭೂಮಿ ಕರಾವಳಿಯಲ್ಲಿ ಪ್ರವಾಹಗಳೇ ಬಂದವು. 1982ರಲ್ಲಿ ಭಾರತದ ಮುಂಗಾರು ಸೊರಗಿತು. ಆದರೆ ಅಷ್ಟೇ ಪ್ರಬಲವಾದ ಎಲ್ ನಿನೊ ಇದ್ದ 1997ರಲ್ಲಿ ಮುಂಗಾರು ಹೆಚ್ಚುಕಡಿಮೆ ಮಾಮೂಲಿನಂತೆಯೇ ಸುರಿಯಿತು. ಉತ್ತರದ ಒಂದು ಭಾಗ 1999ರಲ್ಲಿ ವಿಜ್ಞಾನಿಗಳು ಗುರುತಿಸಿದ ‘ಹಿಂದೂ ಸಾಗರದ ದ್ವಿಧ್ರುವ’ದಲ್ಲಿದೆ. ಪಶ್ಚಿಮ ಹಿಂದೂ ಸಾಗರ ಬೆಚ್ಚಗೆ, ಸುಮಾತ್ರದ ಬಳಿಯ ಸಾಗರ ತಂಪಾಗಿ ಇರುವ ಆ ಸ್ಥಿತಿ 1997ರಲ್ಲಿ ಬಲವಾಗಿತ್ತು. ಮುಂದಿನ ವಾರದ ಜೋಡಿಗೆ ಸುಮಾತ್ರವನ್ನೂ ಪೂರ್ವ ಆಫ್ರಿಕವನ್ನೂ ತೆಗೆದುಕೊಳ್ಳಬಹುದು. ಅದೇ ವರ್ಷ ಒಂದು ಕಡೆ ಕಾಡುಗಳು ಹೊತ್ತಿ ಉರಿದಿದ್ದವು, ಇನ್ನೊಂದು ಕಡೆ ನೆರೆ ಬಂದಿತ್ತು.